ಸುಳೇಭಾವಿಯ ಕಂಠ: ಗಾಯಕ ಕುಮಾರ ಗಂಧರ್ವರ ಜೀವನ

ಲೋಂಡಾದಿಂದ ಮೀರಜಿಗೆ ಹೋಗುವ ರೈಲುಮಾರ್ಗವು ಖಾನಾಪುರವನ್ನು ದಾಟಿ ಬೆಳಗಾವಿಗೆ ಬರುತ್ತದೆ. ಬೆಳಗಾವಿಯಿಂದ ತುಸು ಮುಂದೆ ಸಾಗಿದರೆ ಸುಳೇಭಾವಿ ಎಂಬ ನಿಲ್ದಾಣವು ಸಿಗುತ್ತದೆ. ಈ ಊರಿನಲ್ಲಿ 1924ನೆಯ ಇಸವಿ ಏಪ್ರಿಲ್ 8ರಂದು ಕೋಮಕಾಳಿಮಠ ಮನೆತನದ ಸಿದ್ಧರಾಮಯ್ಯನವರಿಗೆ ಒಬ್ಬ ಮಗನು ಹುಟ್ಟಿದನು. ಮನೆಯವರು ಇಟ್ಟ ಹೆಸರು ಶಿವಪುತ್ರ. ಲೋಕವು ಅವರನ್ನು ಕುಮಾರ ಗಂಧರ್ವರೆಂದು ಬಲ್ಲದು.

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಲಿಂಗವಂತ ಮನೆತನದ ಹಿಂದೂಸ್ತಾನಿ ಗಾಯಕರೊಬ್ಬರ ಜೀವನಕ್ಕೆ ಎಡೆಯೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕಾರಣವು ನಮ್ಮ ಗಾನವೃಂದದ ಅಭ್ಯಾಸದ ಕೋಣೆಯಲ್ಲಿಯೇ ಇದೆ. ಬೆಳಗಾವಿ, ಖಾನಾಪುರದ ಕಡೆಯ ದೇವಾಲಯಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ ಗೀತೆಗಳನ್ನು ಹಾಡುವವರಲ್ಲಿ ಬಹುಮಂದಿ ಯಾರಲ್ಲಿಯೂ ಕ್ರಮವಾಗಿ ಕಲಿತವರಲ್ಲ. ಕ್ರಿಸ್ಮಸ್ ಹತ್ತಿರ ಬಂದೊಡನೆ ಅಭ್ಯಾಸವು ಬಿರುಸಾಗುತ್ತದೆ. ನಾಲ್ಕನೆಯ ದಿನಕ್ಕೆ ಅರ್ಧ ಮಂದಿಯ ಗಂಟಲು ಕಟ್ಟುತ್ತದೆ. ಪಲ್ಲವಿಯಲ್ಲಿ ಸುಸ್ವರವಾಗಿದ್ದ ದನಿಯು ಚರಣದ ಮೇಲಿನ ಸ್ವರಕ್ಕೆ ಏರುವಾಗ ಒಡೆಯುತ್ತದೆ. ಆಗ ಬಿಸಿನೀರು, ಶುಂಠಿ, ಜೇಷ್ಠಮಧುಗಳ ಚರ್ಚೆ ನಡೆಯುತ್ತದೆಯೇ ಹೊರತು ದನಿಯು ದೇಹದಲ್ಲಿ ಹೇಗೆ ಹುಟ್ಟಿ ಹೇಗೆ ತುಂಬಿಕೊಳ್ಳುತ್ತದೆ ಎಂಬುದರ ಚರ್ಚೆ ನಡೆಯುವುದಿಲ್ಲ. ನಮ್ಮ ನೆರೆಯಲ್ಲಿಯೇ ಹುಟ್ಟಿದ ಒಬ್ಬರು, ಶ್ವಾಸಕೋಶವೊಂದು ಕೆಟ್ಟುಹೋದ ಮೇಲೆ, ಈ ಪ್ರಶ್ನೆಯನ್ನು ಬಾಳಿನ ಪ್ರಶ್ನೆಯಾಗಿ ಎದುರಿಸಿದರು.

ತಂದೆ ಸಿದ್ಧರಾಮಯ್ಯನವರು ಸಂಗೀತದ ಹುಚ್ಚುಳ್ಳವರು, ತಾವೂ ಹಾಡುತ್ತಿದ್ದರು. ಬಾಲಕ ಶಿವಪುತ್ರನಿಗೆ ಯಾರೂ ಸರಳೆ ಜಂಟಿಗಳನ್ನು ಹೇಳಿಕೊಟ್ಟಿರಲಿಲ್ಲ. ಐದಾರು ವರ್ಷದ ಪ್ರಾಯದಲ್ಲಿ ಅವನು ತಟ್ಟನೆ ಹಾಡತೊಡಗಿದನು. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಉಸ್ತಾದರ ಗಾಯನವನ್ನು, ಆಲಾಪ, ತಾನ, ಮುರಕಿಗಳೆಲ್ಲವನ್ನೂ ಒಳಗೊಂಡಂತೆ, ಹಾಗೆಹಾಗೆಯೇ ಒಪ್ಪಿಸಿಬಿಡುತ್ತಿದ್ದನು. ಲಿಂಗಾಯತ ಮಠಾಧಿಪತಿಯೊಬ್ಬರು ಅವನ ಹಾಡನ್ನು ಕೇಳಿ ಮೆಚ್ಚಿ ಕುಮಾರ ಗಂಧರ್ವ ಎಂಬ ಬಿರುದನ್ನಿತ್ತರು. ಬಿರುದೇ ಹೆಸರಾಗಿ ನಿಂತಿತು. ತಂದೆಯು ಮಗನನ್ನು ಊರಿಂದೂರಿಗೆ ಕರೆದುಕೊಂಡು ಹೋಗಿ ಕಛೇರಿಗಳನ್ನು ನಡೆಸಿದರು. 1930ರ ದಶಕದ ನಡುವಿನಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿಯೂ ಮುಂಬಯಿಯಲ್ಲಿಯೂ ಈ ಪುಟ್ಟ ಬಾಲಕನ ಗಾಯನವನ್ನು ಕೇಳಿದ ದೊಡ್ಡ ದೊಡ್ಡ ವಿದ್ವಾಂಸರು ಬೆರಗಾದರು.

ಈ ಅನುಕರಣೆಯನ್ನು ಕೇವಲ ಪವಾಡವೆಂದು ತಳ್ಳಿಬಿಡಬಾರದು. ಅಬ್ದುಲ್ ಕರೀಮ್ ಖಾನ್ ಸಾಹೇಬರ ದನಿಯು ಸಣ್ಣದು, ಮೊನಚಾದುದು, ತಾರಸ್ಥಾಯಿಯಲ್ಲಿ ದಾರದಂತೆ ಎಳೆಯುವಂಥದು. ಫೈಯಾಜ್ ಖಾನ್ ಸಾಹೇಬರದು ಅಗಲವಾದ ಗಂಭೀರ ಕಂಠ. ಎರಡು ಕಂಠಗಳೂ ಒಂದೇ ಸ್ವರವನ್ನು ಹಾಡಿದರೂ ಕೇಳುವವನಿಗೆ ಕ್ಷಣಮಾತ್ರದಲ್ಲಿ ಗುರುತು ಸಿಗುತ್ತದೆ. ಹೇಗೆ? ಮೀರಜಿನ ಕುಶಲಿಗಳು ಮಾಡುವ ತಂಬೂರಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಸೊಳ್ಳೆಯ ಸದ್ದಿನಷ್ಟೇ ಸದ್ದು. ಅದೇ ತಂತಿಯನ್ನು ಸೋರೆಬುರುಡೆಯ ಮೇಲೆ ಏರಿಸಿದಾಗ ಕೋಣೆಯೇ ತುಂಬುತ್ತದೆ. ಮನುಷ್ಯನಲ್ಲಿ ತಂತಿಗಳ ಸ್ಥಾನದಲ್ಲಿರುವುದು ಗಂಟಲಗೂಡಿನೊಳಗಿನ ಎರಡು ಧ್ವನಿತಂತುಗಳು. ವಯಸ್ಕ ಪುರುಷನಲ್ಲಿಯೂ ಅವು ಎರಡು ಸೆಂಟಿಮೀಟರಿನ ಆಸುಪಾಸಿನವೇ. ಬುರುಡೆಯ ಸ್ಥಾನದಲ್ಲಿರುವುದು ಅವುಗಳ ಮೇಲಿನಿಂದ ತುಟಿಯವರೆಗಿನ ಸುಮಾರು 17 ಸೆಂಟಿಮೀಟರಿನ ಪೊಳ್ಳು. ನಾಲಗೆ, ದವಡೆ, ಕಿರುನಾಲಗೆಯ ಹಿಂದಿನ ಎಡೆ ಇವುಗಳನ್ನು ತುಸು ಸರಿಸಿದರೂ ಬುರುಡೆಯ ಆಕಾರವು ಬದಲಾಗುತ್ತದೆ, ನಾದದ ಬಣ್ಣವು ಬದಲಾಗುತ್ತದೆ. ಇದಕ್ಕೆ ಶಾಸ್ತ್ರದವರು ಅನುರಣನವೆನ್ನುತ್ತಾರೆ. ಇನ್ನೊಬ್ಬರ ದನಿಯನ್ನು ಅನುಕರಿಸುವ ಬಾಲಕನು ತಿಳಿಯದೆಯೇ ತನ್ನ ಬುರುಡೆಯನ್ನು ಅವರ ಬುರುಡೆಯ ಆಕಾರಕ್ಕೆ ತಿರುಗಿಸುತ್ತಿರುತ್ತಾನೆ. ಕಿವಿಯು ಅಷ್ಟು ಸೂಕ್ಷ್ಮವಾಗಿತ್ತು. ಆದರೆ ಹತ್ತು ಜನರ ದನಿಯನ್ನು ಹೊರಡಿಸಬಲ್ಲ ಹುಡುಗನಿಗೆ ತನ್ನ ದನಿ ಯಾವುದು ಎಂಬುದು ಗೊತ್ತಿರಲಾರದು.

ಅದನ್ನು ಹುಡುಕಿಸಿಕೊಟ್ಟವರು ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರರು. ಮೀರಜಿನಲ್ಲಿ ಹುಟ್ಟಿದ ದೇವಧರರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಪದವೀಧರರು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸಮಾಡಿದವರು. 1936ರಲ್ಲಿ ಸುಮಾರು 12ರ ಪ್ರಾಯದ ಕುಮಾರರು ಅವರ ಸಂಗೀತ ಶಾಲೆಯನ್ನು ಸೇರಿದರು. ದೇವಧರರಿಗೆ ಇಂಥ ಘರಾಣೆಯದೇ ಶ್ರೇಷ್ಠವೆಂಬ ಹಟವಿರಲಿಲ್ಲ. ನಾನಾ ಘರಾಣೆಗಳ ಗಾಯಕರನ್ನು ಶಾಲೆಗೆ ಕರೆಸಿ ಹಾಡಿಸುವರು, ಅವರ ಬಂದಿಶ್‌ಗಳನ್ನು ಸಂಗ್ರಹಿಸುವರು. ಭೇಂಡಿಬಜಾರ್ ಘರಾಣೆಯ ಅಂಜನೀಬಾಯಿ ಮಾಲ್ಪೇಕರರಿಂದಲೂ ಕುಮಾರರಿಗೆ ಪಾಠವಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದುದೆಂದರೆ, ದೇವಧರರು ಆ ಕಾಲದ ಸಂಗೀತಗಾರರಲ್ಲಿ ವಿರಳವಾಗಿ ಕಾಣುವಂತೆ, ಧ್ವನಿಸಾಧನೆಯನ್ನೇ ಒಂದು ಶಾಸ್ತ್ರವಾಗಿ ಅಭ್ಯಾಸಮಾಡಿ ಆ ವಿಷಯದ ಮೇಲೆ ಪುಸ್ತಕವನ್ನೇ ಬರೆದವರು.

ಈ ಶಾಸ್ತ್ರದ ಹಿನ್ನೆಲೆ ಕುತೂಹಲಕರವಾದುದು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಸಂಗೀತ ರತ್ನಾಕರವನ್ನು ಬರೆದನು. ರಟ್ಟರ ಕೈಯಿಂದ ನಮ್ಮ ಬೆಳಗಾವಿಯು ತಪ್ಪಿಹೋದುದು ಈ ಸಿಂಘಣನ ಕಾಲದಲ್ಲಿಯೇ. ಶಾರ್ಙ್ಗದೇವನು ನಾದಕ್ಕೆ ಮೂರು ಸ್ಥಾನಗಳನ್ನು ಹೇಳುತ್ತಾನೆ: ಮಂದ್ರವು ಹೃದಯದಲ್ಲಿ, ಮಧ್ಯವು ಕಂಠದಲ್ಲಿ, ತಾರವು ಮೂರ್ಧದಲ್ಲಿ. ಅದೇ ಶತಮಾನದಲ್ಲಿ, ಇವನ ಸುಳಿವೇ ಇಲ್ಲದೆ, ಪ್ಯಾರಿಸ್ಸಿನ ದೊಮಿನಿಕನ್ ಸಂನ್ಯಾಸಿ ಮೊರಾವಿಯದ ಜೆರೋಮನು ದೇವಾಲಯದ ಗಾಯಕರಿಗಾಗಿ ಬರೆದ ಗ್ರಂಥದಲ್ಲಿ ಎದೆಯ ದನಿ, ಕಂಠದ ದನಿ, ತಲೆಯ ದನಿ ಎಂದು ಮೂರು ಬಗೆಯನ್ನು ಎಣಿಸಿದನು. ಎರಡು ಖಂಡಗಳ ಗಾಯಕರು ತಮ್ಮ ಮೈಯಲ್ಲಿ ಅನುಭವಿಸಿದ್ದು ಒಂದೇ ಆಗಿತ್ತು. ಕೆಳಸ್ವರವನ್ನು ಹಾಡುವಾಗ ಎದೆಯ ಮೇಲೆ ಕೈಯಿಟ್ಟರೆ ಎದೆಯು ನಡುಗುವುದು ತಿಳಿಯುತ್ತದೆ; ಮೇಲಿನ ಸ್ವರವನ್ನು ಹಾಡುವಾಗ ಆ ನಡುಕವು ಹಣೆ, ಮೂಗಿನ ಬುಡಗಳ ಕಡೆಗೆ ಸರಿದಂತೆ ತೋರುತ್ತದೆ.

ನಾದವು ನಿಜವಾಗಿ ಎದೆಯಲ್ಲಾಗಲಿ ತಲೆಯಲ್ಲಾಗಲಿ ಹುಟ್ಟುವುದಿಲ್ಲ ಎಂಬುದು ಬಹುಕಾಲದ ತರುವಾಯ ಸ್ಪಷ್ಟವಾಯಿತು. 1854ರಲ್ಲಿ ಸ್ಪೇನ್ ಮೂಲದ ಗಾಯನ ಶಿಕ್ಷಕ ಮನುವೆಲ್ ಗಾರ್ಸಿಯಾ ಎಂಬವರು ಹಲ್ಲುವೈದ್ಯರ ಚಿಕ್ಕ ಕನ್ನಡಿಯನ್ನು ಬಾಯೊಳಗಿಟ್ಟುಕೊಂಡು, ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ಹಾಡುವಾಗ ತಮ್ಮದೇ ಧ್ವನಿತಂತುಗಳು ಚಲಿಸುವುದನ್ನು ಕಂಡರು. ಈಗ ತಿಳಿದಿರುವುದಿಷ್ಟು: ಕೆಳಸ್ವರಗಳಲ್ಲಿ ತಂತುಗಳು ಗಿಡ್ಡವಾಗಿ, ದಪ್ಪವಾಗಿ, ತಮ್ಮ ಪೂರ್ಣ ಗಾತ್ರದಿಂದ ಕಂಪಿಸುತ್ತವೆ, ಮೇಲಿನ ಸ್ವರಗಳಲ್ಲಿ ಎಳೆದುಕೊಂಡು ತೆಳ್ಳಗಾಗಿ ಅಂಚುಗಳಲ್ಲಿ ಮಾತ್ರ ಕಂಪಿಸುತ್ತವೆ. ಒಬ್ಬ ಪುರುಷನ ಮಧ್ಯ ಷಡ್ಜವು ಸೆಕೆಂಡಿಗೆ 130 ಕಂಪನಗಳಾದರೆ ತಾರ ಷಡ್ಜವು 260. ಈ ಎರಡು ವಿಧಗಳ ನಡುವೆ ಒಂದು ಹೊಸ್ತಿಲಿದೆ. ದಪ್ಪ ತಂತುವನ್ನೇ ಬಲವಂತದಿಂದ ಹೊಸ್ತಿಲು ದಾಟಿಸಹೊರಟಾಗ ಕುತ್ತಿಗೆಯ ನರಗಳು ಉಬ್ಬುತ್ತವೆ, ಗದ್ದವು ಮೇಲೇಳುತ್ತದೆ, ಕೊನೆಗೆ ದನಿಯು ಒಡೆಯುತ್ತದೆ. ನಮ್ಮ ಗಾನವೃಂದದಲ್ಲಿ ಪ್ರತಿವರ್ಷ ಒಡೆಯುವುದೂ ಇಲ್ಲಿಯೇ. ಕಲಿತ ಗಾಯಕನು ಹೊಸ್ತಿಲಿಗೆ ಎರಡು ಮೂರು ಸ್ವರ ಮೊದಲೇ ದನಿಯ ತೂಕವನ್ನು ಇಳಿಸಿಕೊಂಡು, ಬಾಯೊಳಗಿನ ಎಡೆಯನ್ನು ಹಿಗ್ಗಿಸಿಕೊಂಡು, ಕೇಳುವವರಿಗೆ ಗೊತ್ತಾಗದಂತೆ ಆಚೆಗೆ ಹೋಗಿಬಿಡುತ್ತಾನೆ. ಮುಂಜಾನೆಯ ಖರ್ಜ ಸಾಧನೆ, ಆಕಾರದಲ್ಲಿ ನಿಧಾನವಾಗಿ ಏರಿಳಿಯುವುದು ಮುಂತಾದ ಹಳೆಯ ಪದ್ಧತಿಗಳ ಗುಟ್ಟು ಇದೇ ಆಗಿದೆ.

ಕುಮಾರರು ದೇವಧರರ ಬಳಿ ಕಳೆದ ಮೊದಲ ವರ್ಷಗಳೇ ಹುಡುಗರ ದನಿ ಬದಲಾಗುವ ವರ್ಷಗಳು. ಆ ಪ್ರಾಯದಲ್ಲಿ ಗಂಟಲಗೂಡು ಬೆಳೆದು, ತಂತುಗಳು ಉದ್ದವಾಗಿ, ದನಿಯು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಬಾಲಗಂಧರ್ವರೆಂದು ಹೊಗಳಿಸಿಕೊಂಡ ಎಷ್ಟೋ ಹುಡುಗರ ಹೆಸರು ಅಲ್ಲಿಗೇ ಅಳಿಸಿಹೋಗುವುದುಂಟು. ಕುಮಾರರು ಅಳಿಯಲಿಲ್ಲ. 1940ರ ದಶಕದಲ್ಲಿ ಅದೇ ಶಾಲೆಯಲ್ಲಿ ಪಾಠ ಹೇಳುವಷ್ಟು ಬೆಳೆದರು. ಮುಂಬಯಿಯ ರಸಿಕರು ಅವರನ್ನು ನಾಳಿನ ದೊಡ್ಡ ಗಾಯಕರೆಂದು ಎಣಿಸತೊಡಗಿದರು. 1947ರಲ್ಲಿ ತಮ್ಮಲ್ಲಿ ಕಲಿಯುತ್ತಿದ್ದ ಭಾನುಮತಿಯವರನ್ನು ಮದುವೆಯಾದರು.

ಅದೇ ಹೊತ್ತಿಗೆ ಕ್ಷಯರೋಗವು ಕಾಣಿಸಿಕೊಂಡಿತು. ಆ ಕಾಲದಲ್ಲಿ ಕ್ಷಯವೆಂದರೆ ಮನೆಯವರು ಬಾಯಿಬಿಟ್ಟು ಹೇಳಲೂ ಅಂಜುತ್ತಿದ್ದರು. ಒಣಹವೆಯುಳ್ಳ ಊರಿಗೆ ಹೋಗಬೇಕೆಂಬ ಸಲಹೆಯಂತೆ ದಂಪತಿಗಳು 1948ರ ಆರಂಭದಲ್ಲಿ ಮಾಳವದ ದೇವಾಸಕ್ಕೆ ಹೋದರು. ಇಂದೂರಿನ ಸಮೀಪದ ಆ ಊರಿನಲ್ಲಿ ಇಪ್ಪತ್ತನಾಲ್ಕು ತುಂಬದ ಗಾಯಕರು ಹಾಸಿಗೆ ಹಿಡಿದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಭಾನುಮತಿಯವರು ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ ದುಡಿದು ಮನೆಯನ್ನು ನಡೆಸಿದರು, ರೋಗಿಯನ್ನೂ ನೋಡಿಕೊಂಡರು. ಕುಮಾರರ ಕೀರ್ತಿಯನ್ನು ಹಾಡುವವರು ಈ ಹೆಣ್ಣುಮಗಳ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ. ಆಕೆಯ ದುಡಿಮೆ, ಆರೈಕೆಗಳಿಲ್ಲದಿದ್ದರೆ ಆ ಮನೆಯು ಅಷ್ಟು ವರ್ಷ ನಿಲ್ಲುತ್ತಿತ್ತೆಂದು ಹೇಳಲಾಗದು.

ಹಾಡಲಾಗದ ಆ ವರ್ಷಗಳಲ್ಲಿ ಕುಮಾರರಿಗೆ ಉಳಿದದ್ದು ಕಿವಿ ಮಾತ್ರ. ಹಕ್ಕಿಗಳ ಕೂಗು, ಗಾಳಿ, ಬೀದಿಯಲ್ಲಿ ಹಾದುಹೋಗುವವರ ಹಾಡು, ಮದುವೆ ಸುಗ್ಗಿಗಳಲ್ಲಿ ಮಾಳವದ ಹೆಂಗಸರು ಹಾಡುವ ಪದಗಳು ಇವನ್ನೆಲ್ಲ ಮಲಗಿದಲ್ಲಿಂದಲೇ ಆಲಿಸಿದರು. ನಾಥಪಂಥದ ಅಲೆಮಾರಿ ಗಾಯಕರು ಕಬೀರರ ನಿರ್ಗುಣ ಪದಗಳನ್ನು ಹಾಡುತ್ತಾ ಬರುತ್ತಿದ್ದರು. ಬಯಲಿನಲ್ಲಿ ಏಕತಾರಿಯನ್ನು ಹಿಡಿದು, ಮೇಲಿನ ಸ್ವರವನ್ನು ತೆರೆದ ಗಂಟಲಿನಿಂದ ಎಸೆದು ಥಟ್ಟನೆ ಬಿಟ್ಟುಬಿಡುವ ಆ ರೀತಿಯು ಅವರ ಮನಸ್ಸಿನಲ್ಲಿ ನಾಟಿತು. ಜಾನಪದ ಗಾಯಕರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಹೊಲದ ಆಚೆಯವರಿಗೆ ಕೇಳಿಸುವಂತೆ ದಿನವಿಡೀ ಹಾಡಿಯೂ ಗಂಟಲು ಕಟ್ಟಿಸಿಕೊಳ್ಳದವರು.

ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವು ಕುಮಾರರನ್ನು ಉಳಿಸಿತು. ಆದರೆ ಒಂದು ಶ್ವಾಸಕೋಶವು ನಿರುಪಯೋಗಿಯಾಗಿಯೇ ಹೋಯಿತು. ಇನ್ನು ಗಾಯನವು ಅಸಾಧ್ಯವೆಂದು ಬಲ್ಲವರೆಲ್ಲರೂ ಭಾವಿಸಿದ್ದ ಸಮಯದಲ್ಲಿ, 1953ರಲ್ಲಿ, ಅವರು ಮತ್ತೆ ಸಭೆಯ ಮುಂದೆ ಕುಳಿತು ಹಾಡಿದರು. ನಮ್ಮ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾದುದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಆರೋಗ್ಯವಂತ ಪುರುಷನು ಪೂರ್ಣವಾಗಿ ಉಸಿರೆಳೆದು ಪೂರ್ಣವಾಗಿ ಬಿಟ್ಟರೆ ಹೊರಬರುವ ಗಾಳಿಯು ನಾಲ್ಕರಿಂದ ಐದು ಲೀಟರು. ಸುಮ್ಮನೆ ಕುಳಿತಿರುವಾಗ ನಾವು ಒಮ್ಮೆಗೆ ಎಳೆಯುವುದು ಅರ್ಧ ಲೀಟರಷ್ಟೇ. ತಂತುಗಳು ಸರಿಯಾಗಿ ಕೂಡಿಕೊಂಡು ಕಂಪಿಸಿದರೆ ಒಂದು ಸೆಕೆಂಡಿನ ಹಾಡಿಗೆ ಸುಮಾರು 150 ಮಿಲಿಲೀಟರು ಗಾಳಿಯು ಸಾಕು. ಹಾಗಾದರೆ ಬರಿಯ ಎರಡು ಲೀಟರು ಉಸಿರಿರುವವನೂ 13 ಸೆಕೆಂಡು ಒಂದು ಸ್ವರವನ್ನು ನಿಲ್ಲಿಸಬಲ್ಲನು. ತಂತುಗಳ ನಡುವೆ ಗಾಳಿಯು ಸೋರುವಂತೆ ಹಾಡುವವನಿಗೆ ಇದರ ಇಮ್ಮಡಿ ಗಾಳಿಯು ಬೇಕು. ಅವನ ಎರಡು ಶ್ವಾಸಕೋಶಗಳೂ ಅರ್ಧಕ್ಕರ್ಧ ವ್ಯರ್ಥವಾದಂತೆ. ಇವು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಲೆಕ್ಕಗಳೇ ಹೊರತು ಕುಮಾರರನ್ನು ಅಳೆದು ಹೇಳಿದವಲ್ಲ. ಆದರೂ ದನಿಯ ಭಾಗ್ಯವು ಎದೆಯ ಅಗಲದಲ್ಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮಿಕ್ಕ ಕೆಲಸವು ಬುರುಡೆಯದು. ಸ್ವರವು ಬಾಯೊಳಗಿನ ಪೊಳ್ಳಿಗೆ ಹೊಂದಿ ಕುಳಿತರೆ ಕಡಿಮೆ ಗಾಳಿಯಲ್ಲಿಯೇ ನಾದವು ತುಂಬಿಬರುತ್ತದೆ. ಪಳಗಿದ ಎಷ್ಟೋ ಕಂಠಗಳಲ್ಲಿ ಸೆಕೆಂಡಿಗೆ ಸುಮಾರು 3000 ಕಂಪನಗಳ ಆಸುಪಾಸಿನ ಒಂದು ಝೇಂಕಾರವು ಸೇರಿಕೊಳ್ಳುತ್ತದೆ; ಮನುಷ್ಯನ ಕಿವಿಯು ಬಹಳ ಚುರುಕಾಗಿರುವುದೂ ಆ ಎತ್ತರದಲ್ಲಿಯೇ. ನಮ್ಮ ಹಳೆಯ ದೇವಾಲಯಗಳ ಎತ್ತರದ ಮಾಡು, ಕಲ್ಲಿನ ನೆಲಗಳು ಇಂಥ ದನಿಯನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳುತ್ತವೆ, ಕಿರುಚಿದ ದನಿಯನ್ನು ಮಾತ್ರ ಕಲಸಿಬಿಡುತ್ತವೆ.

ಕುಮಾರರ ಹೊಸ ಗಾಯನದಲ್ಲಿ ಉದ್ದುದ್ದದ ತಾನಗಳ ಮಳೆಯಿಲ್ಲ. ಚಿಕ್ಕ ಚಿಕ್ಕ ತುಣುಕುಗಳು, ನಡುವೆ ಮೌನ, ಆ ಮೌನದಲ್ಲಿ ತಂಬೂರಿಯ ನಾದ. ಒಮ್ಮೆ ಪಿಸುಮಾತಿನಷ್ಟು ಮೆಲ್ಲಗೆ, ಮರುಕ್ಷಣವೇ ತಾರಸ್ಥಾಯಿಗೆ ಬಾಣದಂತೆ ಎಸೆದ ಪೂರ್ಣಕಂಠದ ಸ್ವರ. ಇದೆಲ್ಲವೂ ರೋಗದ ಫಲವೆಂದು ಕೆಲವರು, ರೋಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದು ಅವರು ಬೇಕೆಂದೇ ಆರಿಸಿಕೊಂಡ ಶೈಲಿಯೆಂದು ಕೆಲವರು ವಾದಿಸುತ್ತಾ ಬಂದಿದ್ದಾರೆ. ಎರಡು ವಾದಗಳೂ ಅತಿಯೆಂದೇ ನಮ್ಮ ಅಭಿಪ್ರಾಯ. ಉಸಿರು ಕಡಿಮೆಯಾದವನು ತುಣುಕುಗಳಲ್ಲಿ ಹಾಡಲೇಬೇಕು. ಆದರೆ ಎಲ್ಲಿ ತುಂಡರಿಸಬೇಕು, ತುಂಡರಿಸಿದ ಜಾಗದಲ್ಲಿ ಕೇಳುಗನು ಏನನ್ನು ಕೇಳಬೇಕು ಎಂಬುದನ್ನು ರೋಗವು ಕಲಿಸುವುದಿಲ್ಲ. ತಂಬೂರಿಯನ್ನು ಶ್ರುತಿಗೂಡಿಸುವುದರಲ್ಲಿ ಅವರು ತೋರುತ್ತಿದ್ದ ತಾಳ್ಮೆಯು ಹೆಸರಾದುದು. ಖರ್ಜದ ತಂತಿಯಿಂದ ತಾನಾಗಿಯೇ ಏಳುವ ಗಾಂಧಾರವು ಕಿವಿಗೆ ಬೀಳುವವರೆಗೂ ಶ್ರುತಿಮಾಡಬೇಕೆಂಬುದು ತಂಬೂರಿಯ ಹಳೆಯ ಪಾಠ. ಉಸಿರಿಗಾಗಿ ನಿಲ್ಲಲೇಬೇಕಾದ ಗಾಯಕನಿಗೆ, ತಾನು ನಿಂತಾಗಲೂ ನಿಲ್ಲದ ಆ ನಾದವೇ ಆಸರೆ. ಹಳೆಯ ಪದ್ಧತಿಯವರಲ್ಲಿ ಕೆಲವರಿಗೆ ಈ ಶೈಲಿಯು ಕೊನೆಯವರೆಗೂ ರುಚಿಸಲಿಲ್ಲವೆಂಬುದನ್ನೂ ಹೇಳಬೇಕು.

1961ರಲ್ಲಿ ಎರಡನೆಯ ಮಗನ ಹೆರಿಗೆಯ ಸಮಯದಲ್ಲಿ ಭಾನುಮತಿಯವರು ತೀರಿಕೊಂಡರು. ದೇವಾಸದ ಮನೆಗೆ ಭಾನುಕುಲವೆಂಬ ಹೆಸರು ಅವರ ನೆನಪಿನದು. ಮರುವರ್ಷ ಕುಮಾರರು ದೇವಧರರ ಶಾಲೆಯಲ್ಲಿಯೇ ಕಲಿತ ವಸುಂಧರಾ ಶ್ರೀಖಂಡೆಯವರನ್ನು ವಿವಾಹವಾದರು. ಮುಂದೆ ಅನೇಕ ಸಭೆಗಳಲ್ಲಿ ದಂಪತಿಗಳು ಜೊತೆಗೆ ಹಾಡಿದರು. ಗಂಡು ಹೆಣ್ಣು ಒಂದೇ ಷಡ್ಜವನ್ನು ಹಿಡಿದು ಹಾಡುವುದು ಎಷ್ಟು ಕಷ್ಟವೆಂಬುದು ಗಾನವೃಂದವನ್ನು ನಡೆಸಿದವರಿಗೆ ಗೊತ್ತು: ಒಬ್ಬರಿಗೆ ಹಿತವಾದ ನಡುಸ್ಥಾಯಿಯು ಇನ್ನೊಬ್ಬರಿಗೆ ಪಾತಾಳವೋ ಆಕಾಶವೋ ಆಗಿರುತ್ತದೆ. ಹಾರ್ಮೋನಿಯಂನ ಕರಿ ಒಂದನ್ನೇ ಎಲ್ಲರ ಮೇಲೂ ಹೇರುವ ನಮ್ಮ ಅಭ್ಯಾಸವನ್ನು ಇಲ್ಲಿ ನೆನೆಯಬಹುದು.

ಮುಂದಿನ ಮೂವತ್ತು ವರ್ಷಗಳ ಸಾಧನೆಯನ್ನು ಬೇಗನೆ ಹೇಳಿ ಮುಗಿಸಬಹುದು. ಮಾಳವದ ಜನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನು ಕಟ್ಟಿದರು. ಮಹಾತ್ಮರ ಜನ್ಮಶತಾಬ್ದಿಯ ಹೊತ್ತಿಗೆ ಗಾಂಧೀ ಮಲ್ಹಾರವು ಬಂದಿತು. ತಮ್ಮ ರಚನೆಗಳನ್ನು 1965ರಲ್ಲಿ ಅನೂಪರಾಗವಿಲಾಸ ಎಂಬ ಗ್ರಂಥವಾಗಿ ಹೊರತಂದರು. ಋತುಗಳನ್ನು ಕುರಿತು, ಕಬೀರ, ಸೂರದಾಸ, ಮೀರಾ ಪದಗಳನ್ನು ಕುರಿತು ಪ್ರತ್ಯೇಕ ಕಾರ್ಯಕ್ರಮಗಳನ್ನು ರೂಪಿಸಿದರು. ಭಾರತ ಸರ್ಕಾರವು 1977ರಲ್ಲಿ ಪದ್ಮಭೂಷಣವನ್ನೂ 1990ರಲ್ಲಿ ಪದ್ಮವಿಭೂಷಣವನ್ನೂ ನೀಡಿತು. 1992ರ ಜನವರಿ 12ರಂದು ದೇವಾಸದಲ್ಲಿ ಅವರು ನಿಧನರಾದರು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ ಇಬ್ಬರೂ ಗಾಯಕರಾದರು. ಬೆಳಗಾವಿಯ ರಂಗಮಂದಿರಕ್ಕೆ ಕುಮಾರ ಗಂಧರ್ವರ ಹೆಸರಿದೆ. ಅದರ ಮುಂದೆ ದಿನವೂ ಓಡಾಡುವವರಲ್ಲಿ ಆ ಹೆಸರಿನವರು ಸುಳೇಭಾವಿಯವರೆಂದು ಬಲ್ಲವರು ಎಷ್ಟು ಮಂದಿಯೋ!

ಅವರ ನಿರ್ಗುಣ ಭಜನೆಗಳ ಧ್ವನಿಮುದ್ರಿಕೆಗಳು ಸುಲಭವಾಗಿ ದೊರೆಯುತ್ತವೆ. ಗಾನವೃಂದದ ತರುಣರು ಒಂದು ಸಂಜೆ ಹಾರ್ಮೋನಿಯಂ ಮುಚ್ಚಿಟ್ಟು, ಮೊದಲ ಸಲ ಪದಗಳಿಗೆ ಗಮನ ಕೊಡದೆ ಅವನ್ನು ಕೇಳಲಿ. ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆಂಬುದನ್ನು ಮಾತ್ರ ಬೆರಳಿನಿಂದ ಎಣಿಸಲಿ. ಎರಡನೆಯ ಸಲ, ತಾರ ಷಡ್ಜಕ್ಕೆ ಏರುವ ಮುನ್ನಿನ ಎರಡು ಸ್ವರಗಳಲ್ಲಿ ದನಿಯ ತೂಕವು ಏನಾಗುತ್ತದೆಂಬುದನ್ನು ಆಲಿಸಲಿ.